ಎತ್ತದ ಲಾಟೀನು

ಮೂರನೆಯ ದೋಸೆಯನ್ನೂ ತಿಂದು ಮುಗಿಸಿದ ಮೇಲೆ ವೇದಾವತಿಗೆ ತಾನು ತಿಂದದ್ದು ಗೊತ್ತಾಯಿತು. ಗಂಡನ ವೈಕುಂಠ ಸಮಾರಾಧನೆಯ ಊಟ ನಿನ್ನೆ ಮುಗಿದಿತ್ತು. ಕೊನೆಯ ನೆಂಟರು ಸಾಸ್ತಾನದಲ್ಲಿ ಬಸ್ಸು ಹಿಡಿಯಲು ಬೆಳಗ್ಗೆಯೇ ಹೊರಟಿದ್ದರು. ಬಾಡಿಗೆಗೆ ತಂದ ಕೊಪ್ಪರಿಗೆಗಳು ಅಂಗಳದಲ್ಲಿ ಬೋರಲಾಗಿ ಒಣಗುತ್ತಿದ್ದವು. ಅತ್ತೆ ಅಮ್ಮಣ್ಣಿ ಒಲೆಯ ಮುಂದೆ ಕೂತು ಇನ್ನೊಂದನ್ನು ಕಾವಲಿಯಿಂದ ಎಬ್ಬಿಸುತ್ತಿದ್ದರು.

"ಸಾಕ್ ಅತ್ತೆ."

"ಸಾಕೋ ಬೇಕೋ ಹೊಟ್ಟೆ ಹೇಳತ್ತ್. ನೀ ಸುಮ್ನೆ ಕೂಕೋ."

ವೇದಾವತಿಯ ಕಥೆಯ ಹರಿಣಾಕ್ಷಿ ತಿಂದಿರಲಿಲ್ಲ. ಗಂಡ ಸತ್ತ ಮೇಲೆ ವಾರಗಟ್ಟಲೆ ಅವಳ ಮುಂದಿನ ಅನ್ನ ಹಾಗೇ ಆರುತ್ತಿತ್ತು. ಆಮೇಲೊಂದು ವಾರ ಕಿಟಕಿ ತೆರೆದಳು. ಮತ್ತೊಂದು ವಾರ ಹೊಲಿಗೆ ಕೆಲಸಕ್ಕೆಂದು ಹೊಳೆ ದಾಟತೊಡಗಿದಳು. ಅದು ಉಡುಪಿಯ ವಾರಪತ್ರಿಕೆಯೊಂದರಲ್ಲಿ ಬರುತ್ತಿದ್ದ ಚಿತ್ರಕಥೆ. ಮಾತು ವೇದಾವತಿಯದು, ಚಿತ್ರ ಡ್ರಾಯಿಂಗ್ ಮಾಸ್ಟರಾಗಿದ್ದ ಗಂಡ ದಿನಕರನದು. ಮೈಸೂರಿನಲ್ಲಿ ಎಂ.ಎ. ಓದುವಾಗ ಅವಳು ಕರುಣರಸದ ಬಗ್ಗೆ ಪ್ರಬಂಧ ಬರೆದಿದ್ದಳು. ಆ ಧೈರ್ಯದಲ್ಲಿಯೇ ಹರಿಣಾಕ್ಷಿಯನ್ನು ಅಳುವಂತೆ ಮಾಡಿದ್ದಳು, ಮೆಲ್ಲಗೆ ಸುಧಾರಿಸಿದ್ದಳು. ಹಸಿವಾಗುತ್ತದೆ ಎಂದು ಮಾತ್ರ ಎಲ್ಲೂ ಬರೆದಿರಲಿಲ್ಲ.

ಕಥೆಯಲ್ಲಿ ಹರಿಣಾಕ್ಷಿಯನ್ನು ದಿನಾ ಮುಸ್ಸಂಜೆ ಹೊಳೆ ದಾಟಿಸುವವನು ದೋಣಿಯ ಗಣಪ. ಇಬ್ಬರ ನಡುವೆ ಮಾತಿಲ್ಲ. ಒಂದು ವಾರ ಅವನು ಅವಳು ಕೂರುವ ಕಡೆ ನೀರು ಒರೆಸಿದ. ಇನ್ನೊಂದು ವಾರ ಅವಳಿಗೆ ತಡವಾದಾಗ, ಉಳಿದವರು ಬೈದರೂ ಹಗ್ಗ ಬಿಚ್ಚದೆ ನಿಂತ. ಕೊನೆಗೊಂದು ದಿನ ಲಾಟೀನು ಎತ್ತಿ ಅವಳ ಮುಖ ನೋಡಬೇಕು. ಆ ಚಿತ್ರ ವೇದಾವತಿಯ ಮನಸ್ಸಿನಲ್ಲಿ ಮೊದಲಿನಿಂದಲೂ ಇತ್ತು. ನೋಡಿಕೊಂಡು ಬರೆಯಲೆಂದು ದಿನಕರ ಹಂಗಾರಕಟ್ಟೆಯ ದೋಣಿಯ ಕುಷ್ಟನಿಂದ ಅವನ ಲಾಟೀನನ್ನೇ ಕೇಳಿ ತಂದು ಮೇಜಿನ ಮೇಲ್ಗಡೆ ಗೋಡೆಯ ಮೊಳೆಗೆ ತೂಗುಹಾಕಿದ್ದ.

"ಈ ವಾರ ಎತ್ಲಾ?" ಎಂದು ಕೇಳುತ್ತಿದ್ದ.

"ಇನ್ನೂ ಬ್ಯಾಡ."

ಅಮ್ಮಣ್ಣಿಗೆ ಓದಲು ಬಾರದು. ಚಿತ್ರ ನೋಡಿ ರೇಗುತ್ತಿದ್ದರು. "ವರ್ಷ ಆಯ್ತ್, ಆ ಹೆಣ್ಣ್ ದೋಣಿ ಹತ್ತೂದೂ ಇಳಿಯೂದೂ. ಅವ್ನಿಗೆ ಬಾಯಿ ಇತ್ತಾ ಇಲ್ಯಾ?"

"ನಿನ್ ಸೊಸಿ ಬಿಡೂದಿಲ್ಲೆ, ಅಮ್ಮ," ಎಂದು ಮಗ ನಗುತ್ತಿದ್ದ.

ಆಮೇಲೆ ಅವನಿಗೆ ಕಾಮಾಲೆ ಬಂತು. ಕಣ್ಣು ಹಳದಿಯಾದ ಮೇಲೂ ಒಂದು ಹಾಳೆ ಬರೆದ. ಲಾಟೀನು ಮೊಳೆಯಲ್ಲೇ ಇತ್ತು.

ಮಧ್ಯಾಹ್ನ ಪತ್ರಿಕೆಯ ಶಾಮರಾಯರು ಬಂದರು. ಜಗಲಿಯ ಮೇಲೆ ಕೊಡೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು.

"ಎಂತ ಹೇಳೂದ್ ಅಂತ ಗೊತ್ತಾತಿಲ್ಲೆ."

"ಎಂತದೂ ಹೇಳೂದ್ ಬ್ಯಾಡ. ಬೆಲ್ಲ ತಿನ್ನಿ, ನೀರ್ ಕುಡೀನಿ," ಎಂದರು ಅಮ್ಮಣ್ಣಿ.

ಬೆಲ್ಲ ಕಚ್ಚಿದ ಮೇಲೆ ಮಾತು ಬಂತು. "ಓದೋರ್ ಬಿಡೂದಿಲ್ಲೆ. ಬಸ್ಸಿನ ಕಂಡಕ್ಟರ್ ಸಹ ಕೇಂಡ, ರಾಯ್ರೆ, ಗಣಪ ಲಾಟಿನ್ ಎತ್ತೂದ್ ಯಾವಾಗ ಅಂದೇಳಿ. ಟಿಕೆಟ್ ಕೊಡೂಕ್ ಮುಂಚೆ!" ನಕ್ಕವರು ತಟ್ಟನೆ ಬಾಯಿ ಮುಚ್ಚಿಕೊಂಡರು.

ವೇದಾವತಿ ಒಳಗಿನಿಂದ ಆ ಕೊನೆಯ ಹಾಳೆ ತಂದಳು. ಬರೀ ಪೆನ್ಸಿಲ್ ಗೆರೆ. ದೋಣಿಯಿಂದ ದಡಕ್ಕೆ ಹಾಕಿದ ಹಲಗೆಯ ಪಕ್ಕ ಗಣಪ ಬಗ್ಗಿದ್ದ. ಅವನ ಕೈ ಕೆಳಗಿತ್ತು. ಲಾಟೀನು ಇನ್ನೇನು ನೀರಿಗೆ ತಾಗುವಂತಿತ್ತು. ಹರಿಣಾಕ್ಷಿಯ ಮುಖವೇ ಇರಲಿಲ್ಲ. ಸೀರೆಯ ಅಂಚು, ಎರಡು ಪಾದ, ಅಷ್ಟೇ.

"ಪಾಪ, ಕೈ ಎತ್ತೂಕ್ ಪುರ್ಸೊತ್ತ್ ಆಯ್ಲಿಲ್ಲೆ," ಎಂದರು ಶಾಮರಾಯರು. "ನಮ್ಮಲ್ಲಿ ಹೊಸಬ್ರೊಬ್ರ್ ಇದ್ರ್. ಚಂದ ಬರಿತ್ರ್. ಈ ಕೈ ಒಂದ್ ಒರ್ಸಿ ಮೇಲ್ ಮಾಡಿ, ಒಂದ್ ಮುಖ ಹಾಕ್ರೆ ಆಯ್ತ್. ಆ ಲಾಟೀನೂ ಕೊಡಿ, ಕಂಡ್ಕಂಡ್ ಬರಿಲಿ."

"ಲಾಟಿನ್ ನಮ್ದಲ್ಲ," ಎಂದಳು ವೇದಾವತಿ.

"ಹಾಳೆ?"

ಅವಳು ಹಾಳೆಯನ್ನು ತನ್ನ ಕಡೆಗೆ ತಿರುಗಿಸಿಕೊಂಡಳು. ಒಪ್ಪಿದರೆ ದಿನಕರನ ಕೊನೆಯ ಗೆರೆಗಳು ರಬ್ಬರಿನಡಿ ಹೋಗುತ್ತವೆ. ಒಪ್ಪದಿದ್ದರೆ ಅವರಿಬ್ಬರ ಕಥೆ ಅರ್ಧಕ್ಕೇ ನಿಲ್ಲುತ್ತದೆ.

"ನಾಳೆ ಅಚ್ಚಿಗ್ ಹೋಯ್ಕ್," ಎಂದರು ಶಾಮರಾಯರು ಮೆಲ್ಲಗೆ. "ಸಾಲಿಗ್ರಾಮದಲ್ಲಿ ತಂಗಿ ಮನಿ ಇತ್ತ್. ಇವತ್ತ್ ಅಲ್ಲೇ ಉಳಿತೆ. ಬೆಳಿಗ್ಗಿ ಬತ್ತೆ, ಹೇಳಿ."

ಅವರು ಹೋದ ಮೇಲೆ ವೇದಾವತಿ ಮೇಜಿನ ಮುಂದೆ ಕೂತಳು. ಶಾಯಿಯ ಬಟ್ಟಲು ಒಣಗಿ ಬಿರುಕುಬಿಟ್ಟಿತ್ತು. ತೊಳೆಯದೆ ಬಿಟ್ಟ ಬ್ರಷ್ಷಿನ ಕೂದಲು ಮುಳ್ಳಿನಂತಾಗಿತ್ತು. ರಬ್ಬರು ಅವನು ಇಟ್ಟ ಕಡೆಯೇ ಇತ್ತು. ಅವಳು ಅದನ್ನು ಮುಟ್ಟಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ಎದ್ದು ಮೊಳೆಯಿಂದ ಲಾಟೀನು ತೆಗೆದಳು. ಗಾಜು ಒರೆಸಿದಳು. ಈ ಮನೆಯಲ್ಲಿ ಅದನ್ನು ಒಮ್ಮೆಯೂ ಹೊತ್ತಿಸಿರಲಿಲ್ಲ. ಎಣ್ಣೆ ಹಾಕಿದಳು.

ಬಾಗಿಲಲ್ಲಿ ಅಮ್ಮಣ್ಣಿ ಇದ್ದರು. "ಎಲ್ಲಿಗ್ ಹೋಪ್ದ್?"

"ಕುಷ್ಟನಿಗ್ ಕೊಟ್ಟಿಕ್ ಬತ್ತೆ."

ಅಮ್ಮಣ್ಣಿ ಸೊಸೆಯ ಬರಿಯ ಹಣೆಯನ್ನು ನೋಡಿದರು. ಅವರದೂ ಬರಿಯ ಹಣೆ, ದಿನಕರ ಅಂಬೆಗಾಲಿಡುತ್ತಿದ್ದಾಗಿನಿಂದ.

"ಯಾರಾರೂ ಕೇಂಡ್ರೆ ಅತ್ತೆ ಕಳ್ಸದ್ ಅಂದೇಳ್," ಎಂದು ದಾರಿ ಬಿಟ್ಟರು. "ನನ್ನ ಯಾರೂ ಕಳ್ಸಿರ್ಲಿಲ್ಲೆ."

ಹಂಗಾರಕಟ್ಟೆಯಲ್ಲಿ ನೀರಿನ ಇಳಿತದ ಹೊತ್ತು. ಕುಷ್ಟ ಆಚೆ ದಡದಲ್ಲಿ ಕೋಡಿ ಕಡೆಯ ಜನರನ್ನು ಇಳಿಸಿ ಬಂದು ದೋಣಿಯ ನೀರು ಮೊಗೆಯುತ್ತಿದ್ದ. ಮೂಲೆಯಲ್ಲಿ ತಗಡಿನ ಡಬ್ಬಿಯೊಳಗೆ ಒಂದು ಚಿಮಣಿ ಬುಡ್ಡಿ ಇಟ್ಟುಕೊಂಡಿದ್ದ. ಇಷ್ಟು ದಿನ ಅದರಲ್ಲೇ ಕಳೆದಿದ್ದನೆಂದು ಕಾಣುತ್ತಿತ್ತು. ವೇದಾವತಿ ಹಲಗೆಯ ಮೇಲೆ ನಡೆದುಹೋಗಿ ಲಾಟೀನು ಚಾಚಿದಳು.

"ಹ್ವಾಯ್ ಅಮ್ಮಾ, ನೀವ್ ಎಂತಕ್ ಬಂದ್ರಿ? ಹೇಳಿ ಕಳ್ಸಿದ್ರೆ ನಾನೇ ಬತ್ತಿದ್ದೆ."

"ನಿಂಗ್ ಸುಮಾರ್ ದಿನ ತೊಂದ್ರೆ ಆಯ್ತ್."

"ಎಂತ ತೊಂದ್ರಿ? ಮಾಸ್ಟ್ರ್ ಸಂಜಿ ಸಂಜಿ ಬಂದ್ ಆ ಕಲ್ಲಿನ್ ಮೇಲೆ ಕೂಕಂತಿದ್ರ್. ನನ್ ಲಾಟಿನ್ ಯಾವಾಗ ಕೊಡ್ತ್ರಿ ಅಂತ ಕೇಂಡ್ರೆ, ಮದಿ ಆದ್ ಕೂಡ್ಲೆ ಅಂದ್ರ್. ಯಾರ್ ಮದಿ ಮಾರಾಯ್ರೆ, ಹೆಣ್ಣ್ ಯಾರ್, ಗಂಡ್ ಯಾರ್ ಅಂದ್ರೆ ಬರೀ ನೆಗಾಡೂದ್." ಅವನು ಲಾಟೀನನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದ. "ಮದಿ ಆಯ್ತಾ ಅಮ್ಮಾ?"

ವೇದಾವತಿ ಹಿಂದಿರುಗಲು ಹೊರಳಿದಳು. ಅಷ್ಟರಲ್ಲಿ ಕತ್ತಲೆ ಹಲಗೆಯನ್ನು ನುಂಗಿತ್ತು.

"ಅಲ್ಲೇ ನಿಲ್ಲಿ. ಹಲ್ಗಿ ಜಾರತ್ತ್."

ಹಿಂದೆ ಕಡ್ಡಿ ಗೀರಿದ ಸದ್ದಾಯಿತು. ಗಾಜು ಇಳಿಸಿದ ಸದ್ದು. ಕುಷ್ಟ ದೋಣಿಯಿಂದ ಮೊಣಕಾಲುದ್ದ ನೀರಿಗೆ ಇಳಿದು ಹಲಗೆಯ ಪಕ್ಕ ಬಗ್ಗಿದ. ಅವಳ ಮುಖದ ಕಡೆ ನೋಡಲಿಲ್ಲ. ಕೈಯನ್ನು ಕೆಳಗೆ, ಇನ್ನೂ ಕೆಳಗೆ, ಲಾಟೀನಿನ ಬುಡ ನೀರಿಗೆ ತಾಗುವಷ್ಟು ಕೆಳಗೆ ಹಿಡಿದ.

ಹಾಳೆಯಲ್ಲಿದ್ದ ಗಣಪನ ಕೈಯೂ ಇಷ್ಟೇ ಕೆಳಗಿತ್ತು. ಅದು ಎತ್ತಬೇಕಾದ ಕೈಯಾಗಿರಲಿಲ್ಲ. ಆ ಹಾಳೆಯಲ್ಲಿ ಒರೆಸುವಂಥದ್ದು ಏನೂ ಇರಲಿಲ್ಲ.

ಒದ್ದೆ ಹಲಗೆಯ ಮೇಲೆ ಬೆಳಕು ಬಿತ್ತು. ಅದರ ನಡುವೆ ಸೀರೆಯ ಅಂಚು, ಎರಡು ಪಾದ. ಕಾಲುಂಗುರ ತೆಗೆದ ಬೆರಳುಗಳಲ್ಲಿ ಬಿಳಿಯ ಗೆರೆ.

"ಹಾಂ, ಈಗ ಕಾಣತ್ತ್," ಎಂದ ಕುಷ್ಟ. "ಹೋಯ್ನಿ."

ವೇದಾವತಿ ನಿಂತೇ ಇದ್ದಳು. ಅವನು ಅವಸರ ಮಾಡಲಿಲ್ಲ. ನೀರು ಹಲಗೆಯಡಿ ಸರಿಯುತ್ತಿತ್ತು. ಲಾಟೀನು ಅಷ್ಟೇ ಕೆಳಗೆ, ಅಲ್ಲಾಡದೆ ಉರಿಯುತ್ತಿತ್ತು.