ಬೈಯುವ ಕಂಪನಿ

ನಿವೃತ್ತ ಹೆಡ್ ಕ್ಲಾರ್ಕರಿಗೆ ಆ ಕಂಪನಿಯ ಮೇಲೆ ನಂಬಿಕೆ ಹುಟ್ಟಿದ್ದು ಅದು ಬೈದಾಗ.

ಮನೆಯಲ್ಲೇ ಕೂತು ಫೋನಿನಲ್ಲಿ ಹೋಟೆಲುಗಳಿಗೆ ನಕ್ಷತ್ರ ಕೊಡುವ ಕೆಲಸ. ಮೊದಲು ಪರೀಕ್ಷಾವಧಿ, ಆಮೇಲೆ ಕಾಯಂ ಆಗಲು ಠೇವಣಿ. ಠೇವಣಿ ಎಂದಾಗ ಅವರ ಹುಬ್ಬು ಏರಿತ್ತು. ಅಷ್ಟರಲ್ಲಿ ಒಂದು ಬೆಳಿಗ್ಗೆ ಸ್ನಾನ ತಡವಾಗಿ ಹಾಜರಿ ತಪ್ಪಿತು. ಕೂಡಲೇ ಮ್ಯಾನೇಜರರ ಸಂದೇಶ: "ನಿಮ್ಮಂಥ ಅನುಭವಸ್ಥರಿಂದ ಇದನ್ನು ನಿರೀಕ್ಷಿಸಿರಲಿಲ್ಲ. ಮತ್ತೆ ತಡವಾದರೆ ಕ್ರಮ ಕೈಗೊಳ್ಳಲಾಗುವುದು."

ಹೆಡ್ ಕ್ಲಾರ್ಕರು ಕೂತಲ್ಲೇ ನೆಟ್ಟಗಾದರು. ಮನೆಯಲ್ಲಿ ಹೆಂಡತಿಯೂ ಗದರುತ್ತಿದ್ದಳು, ಆದರೆ ಕ್ರಮ ಕೈಗೊಳ್ಳಲಾಗುವುದು ಎನ್ನುತ್ತಿರಲಿಲ್ಲ, ನೇರವಾಗಿ ಕೈಗೊಳ್ಳುತ್ತಿದ್ದಳು. ಅವಳಿಗೆ ಹೇಳದೆ ಅಂದೇ ಠೇವಣಿ ಕಟ್ಟಿದರು.

"ಮೋಸಗಾರ ನಯವಾಗಿ ಮಾತಾಡ್ತಾನೆ ಕಣೇ. ಹೀಗೆ ಬೈಯೋದು ಸಂಬಳ ಕೊಡೋನು ಮಾತ್ರ," ಎಂದು ತಂಗಿಯನ್ನೂ ಸೇರಿಸಿದರು. ಬಟ್ಟೆ ಹೊಲಿದು ಬದುಕುವ ತಂಗಿ ಅಣ್ಣನಿಗೆ ಎದುರಾಡಿದವಳಲ್ಲ. ಠೇವಣಿಗೆಂದು ಹೊಲಿಗೆ ಮೆಷೀನನ್ನೇ ಮಾರಲು ಹೊರಟಳು.

ಅದನ್ನು ಒಯ್ಯುವ ದಿನವೇ ಹೆಂಡತಿಯ ತಮ್ಮ ಫೋನು ಹಿಡಿದು ನಗುತ್ತ ಅವರ ಮನೆಗೆ ಬಂದ. ಯಾವ ನೌಕರಿಯಲ್ಲೂ ಕುರ್ಚಿ ಬಿಸಿಯಾಗುವಷ್ಟು ಹೊತ್ತು ಕೂತವನಲ್ಲ.

"ಭಾವ, ತಮಾಷೆ ನೋಡಿ. ಯಾವುದೋ ಹೋಟೆಲಿಗೆ ನಕ್ಷತ್ರ ಕೊಡೋ ಕಂಪನಿಯಂತೆ. ಇವರ ಕೆಲಸಕ್ಕೆ ನಾನು ಸೇರೇ ಇಲ್ಲ, ತಡವಾಯ್ತು ಅಂತ ಬೈದಿದಾರೆ! ನಾನು ಅನುಭವಸ್ಥನಂತೆ!"

ಅವನು ಚಾಚಿದ ಫೋನಿನಲ್ಲಿ ಅಕ್ಷರಕ್ಕೆ ಅಕ್ಷರ ಅದೇ ಬೈಗುಳ.

"ಯಾಕೆ ಭಾವ, ಮುಖ ಸಣ್ಣಗಾಯ್ತು?"

"ಬಿಸಿಲು," ಎಂದರು. ಕಿಟಕಿ ಮುಚ್ಚಿತ್ತು.

ತಂಗಿಯ ಮನೆ ತಲುಪುವಾಗ ಹಳೆ ಸಾಮಾನಿನವನು ಮೆಷೀನನ್ನು ಹೊಸ್ತಿಲವರೆಗೆ ಎಳೆದು ತಂದಿದ್ದ. ನೆಲದ ಮೇಲೆ ಅದು ನಿಂತಿದ್ದ ಜಾಗ ಮಾತ್ರ ಬೆಳ್ಳಗಿತ್ತು.

"ಇದನ್ನ ಕೊಡಬೇಡ. ಒಳ್ಳೆ ಮೆಷೀನು."

"ನೀನೇ ಅಲ್ವಾ ಅಣ್ಣಾ ಬೇಗ ಸೇರ್ಕೋ ಅಂದಿದ್ದು?"

"ಅಲ್ಲಿ ಈಗ ಕೆಲಸ ಖಾಲಿ ಇಲ್ಲವಂತೆ."

"ಯಾರಂದ್ರು? ಬೆಳಿಗ್ಗೆ ನಂಗೂ ಬೈದ್ರು! ಎಷ್ಟು ಖುಷಿಯಾಯ್ತು ಗೊತ್ತಾ?"

ಸಾಮಾನಿನವನು, "ಸ್ವಾಮಿ, ಸ್ವಲ್ಪ ಪಕ್ಕಕ್ಕೆ ಬನ್ನಿ," ಎಂದ. ಹೆಡ್ ಕ್ಲಾರ್ಕರು ಬರಲಿಲ್ಲ. ಬಾಗಿಲ ಚೌಕಟ್ಟನ್ನು ಹಿಡಿದು, ಕಡತ ಓದುವ ದನಿಯಲ್ಲಿ, "ಮೋಸ ನಡೆದಿದೆ," ಎಂದರು.

"ಯಾರಿಗೆ?"

ಗಂಟಲು ಸರಿಮಾಡಿಕೊಂಡರು. ಮತ್ತೊಮ್ಮೆ ಸರಿಮಾಡಿಕೊಂಡರು.

"ನಂಗೆ. ಕಟ್ಟಿದ್ದೆಲ್ಲ ಹೋಯ್ತು. ನಿನ್ನನ್ನೂ ನಾನೇ ತಳ್ಳಿದೆ."

ಸಾಮಾನಿನವನು ಮೆಷೀನು ಬಿಟ್ಟು, ಬೀದಿಯಲ್ಲಿ ಏನೋ ಇದೆ ಎಂಬಂತೆ ಆ ಕಡೆ ತಿರುಗಿ ನಿಂತ. ಆ ಸೌಜನ್ಯ ಹೆಡ್ ಕ್ಲಾರ್ಕರನ್ನು ಇನ್ನಷ್ಟು ಕುಗ್ಗಿಸಿತು.

ತಂಗಿ ಅವನನ್ನು ಕಳಿಸಿ, ಮೆಷೀನನ್ನು ಒಳಕ್ಕೆ ತಳ್ಳಿ ಕೇಳಿದಳು: "ಅತ್ತಿಗೆಗೆ ಹೇಳಿದ್ಯಾ?"

"ಇಲ್ಲ."

"ನಡಿ, ನಾನೂ ಬರ್ತೀನಿ. ಪೊಲೀಸರಿಗೆ ಆಮೇಲೆ ಹೇಳಿದ್ರಾಯ್ತು."

ದಾರಿಯುದ್ದಕ್ಕೂ ಅವಳು ಸೊಪ್ಪಿನ ಬೆಲೆಯ ಬಗ್ಗೆಯೇ ಮಾತಾಡಿದಳು. ಹೆಡ್ ಕ್ಲಾರ್ಕರು ಒಂದು ಹೆಜ್ಜೆ ಹಿಂದೆ, ಹೂಂಗುಟ್ಟುತ್ತ ನಡೆದರು.