ಗುರಣ್ಣ ಪೇಂಟರನ ರಸ್ತೆ ಪರದೆ

ಗುರುವಾರ ಮಧ್ಯಾಹ್ನ ಎರಡನೇ ಪಾಳಿಯವರನ್ನು ಹೊತ್ತ ಬಸ್ಸು ಭೋಸರಿ ದಾಟುತ್ತಿದ್ದಾಗ ರಾಜೀವ ಕೈಯಲ್ಲಿದ್ದ ಪತ್ರಿಕೆಯನ್ನು ಮಡಚಿ ಪ್ರೇಮಕುಮಾರನ ತೊಡೆಯ ಮೇಲಿಟ್ಟ. ಇಬ್ಬರೂ ಚಾಕಣದ ಕಾರು ಕಾರ್ಖಾನೆಯಲ್ಲಿ ಬಣ್ಣದ ವಿಭಾಗದವರು, ಎಂಟು ವರ್ಷದಿಂದ ಬಸ್ಸಿನಲ್ಲಿ ಒಂದೇ ಸೀಟಿನ ಜೋಡಿ.

"ನಿನ್ನ ಅಜ್ಜಿಯ ಅಪ್ಪ ನಾಟಕದ ಪರದೆ ಬರೆಯುತ್ತಿದ್ದ ಅಂತೀಯಲ್ಲ, ಹೆಸರೇನು?" ಎಂದು ರಾಜೀವ ಮರಾಠಿಯಲ್ಲಿ ಕೇಳಿದ.

"ಗುರಣ್ಣ. ಯಾಕೆ?"

"ಓದು."

ಒಳಪುಟದ ಮೂಲೆಯಲ್ಲಿ ಐದಾರು ಸಾಲು. ಪುಣೆಯ ಶನಿವಾರ ಪೇಠದಲ್ಲಿ ವಾಡೆಯೆಂಬ ಹಳೆಯ ತೊಟ್ಟಿಮನೆಯೊಂದರ ಅಟ್ಟದಲ್ಲಿ ಎಪ್ಪತ್ತು ವರ್ಷಕ್ಕೂ ಹಿಂದಿನ ನಾಟಕದ ಪರದೆ ಸಿಕ್ಕಿದೆ. ಅದೇ ಕಂಪನಿಯ ಹಸ್ತಪತ್ರಿಕೆಯಲ್ಲಿ ‘ಪರದೆಗಳು: ಗುರಣ್ಣಾ ಪೇಂಟರ್’ ಎಂದಿದೆ. ಕರ್ನಾಟಕದಿಂದ ಬಂದವರಿರಬಹುದಾದ ಈ ಕಲಾವಿದರ ಬಗ್ಗೆ ಬಲ್ಲವರು ದಯವಿಟ್ಟು ತಿಳಿಸಿ. ಕೆಳಗೆ ಹರ್ಷದಾ ಎಂಬ ಸಂಶೋಧಕಿಯ ಫೋನ್ ನಂಬರು.

ಪ್ರೇಮಕುಮಾರ ಬಸ್ಸಿನಲ್ಲೇ ನಂಬರು ಒತ್ತಿದ. ಎರಡು ಸಲ ತಪ್ಪಿ, ಮೂರನೆಯದಕ್ಕೆ ಹತ್ತಿತು. ಅವನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡ ಹರ್ಷದಾ ಮೊದಲು ಕೇಳಿದ್ದು ಮಗಳ ಬಗ್ಗೆ.

"ಅವರ ಮಗಳು ಇದ್ದಾರೆಯೇ? ಈಗಲೂ?"

"ಇದ್ದಾಳೆ. ಇವತ್ತು ಬೆಳಿಗ್ಗೆ ನನ್ನ ಜೊತೆ ಜಗಳವಾಡಿದ್ದಾಳೆ."

"ಶನಿವಾರ ಬೆಳಿಗ್ಗೆ ಕರೆದುಕೊಂಡು ಬನ್ನಿ. ಒಂದು ಗಂಟೆಗೆ ಮುಂಬೈಯ ವಸ್ತುಸಂಗ್ರಹಾಲಯದವರು ಬಂದು ಪರದೆ ಒಯ್ಯುತ್ತಾರೆ. ಅವರ ಕಾಗದದಲ್ಲಿ ಕಲಾವಿದನ ಹೆಸರಿನ ಜಾಗದಲ್ಲಿ ‘ಗೊತ್ತಿಲ್ಲ’ ಅಂತ ಬರೆದಿದೆ. ಹಸ್ತಪತ್ರಿಕೆಯೊಂದನ್ನೇ ನಂಬಿ ಹೆಸರು ಹಾಕಲು ಅವರು ಒಪ್ಪುತ್ತಿಲ್ಲ. ಆ ಕಂಪನಿಗೆ ಇಪ್ಪತ್ತು ಪರದೆ ಇದ್ದವಂತೆ, ಇದು ಯಾರದೆಂದು ಹೇಗೆ ಹೇಳುವುದು ಅಂತಾರೆ."

ರಾತ್ರಿ ಪಿಂಪ್ರಿಯ ಮನೆಗೆ ಬಂದವನೇ ಪ್ರೇಮಕುಮಾರ ಅಜ್ಜಿಗೆ ಸುದ್ದಿ ಹೇಳಿದ. ಯಮನವ್ವನಿಗೆ ಎಂಬತ್ತೈದು. ಮಂಡಿ ಸೋತಿದ್ದವು, ಬಾಯಿ ಸೋತಿರಲಿಲ್ಲ. ಇಡೀ ಕಥೆಯಲ್ಲಿ ಅವಳನ್ನು ಚುಚ್ಚಿದ್ದು ಒಂದೇ ಮಾತು.

"ಗೊತ್ತಿಲ್ಲ ಅಂತ ಬರದಾರಂತ? ಪುಣೇದಾಗ ಗುರಣ್ಣ ಪೇಂಟರ್ ಅಂದ್ರ ಯಾರಿಗೆ ಗೊತ್ತಿದ್ದಿಲ್ಲೋ?"

ಅವಳ ಅಪ್ಪನ ಕಥೆಯನ್ನು ಪ್ರೇಮಕುಮಾರ ಅನ್ನದ ಜೊತೆ ಉಂಡೇ ಬೆಳೆದಿದ್ದ. ಗಜೇಂದ್ರಗಡದ ನೇಕಾರರ ಮನೆಯ ಹುಡುಗ ಗುರಣ್ಣ, ಹದಿನೈದನೇ ವಯಸ್ಸಿಗೆ ಮಗ್ಗ ಬಿಟ್ಟು ನಾಟಕ ಕಂಪನಿಯ ಹಿಂದೆ ಓಡಿಹೋದ. ಮೊದಲು ಪರದೆಯ ಹಗ್ಗ ಎಳೆಯುವ ಕೆಲಸ. ಎಳೆಯುತ್ತ ಎಳೆಯುತ್ತ ಅದರ ಮೇಲಿನ ಕಾಡು, ಅರಮನೆ, ಬೀದಿ ಎಲ್ಲ ಅವನ ಕಣ್ಣಿಗೆ ಇಳಿದವು. ಯಾರೂ ಕಲಿಸಲಿಲ್ಲ, ನೋಡಿಯೇ ಕಲಿತ. ಪುಣೆಯ ಕಂಪನಿಯ ಮಾಲೀಕರು ಕರೆಸಿಕೊಂಡು ತಮ್ಮ ವಾಡೆಯ ಹಿಂದಿನ ಶೆಡ್ಡು ಕೊಟ್ಟರು. ಹೆಂಡತಿ ತೀರಿಕೊಂಡ ಮೇಲೆ ಮಗಳು ಬಣ್ಣದ ಡಬ್ಬಿಗಳ ನಡುವೆಯೇ ದೊಡ್ಡವಳಾದಳು. ಸಿನಿಮಾ ಬಂದು ಕಂಪನಿ ಮುಚ್ಚಿದಾಗ ಅದೇ ಕೈ ಅಂಗಡಿಗಳ ಫಲಕ ಬರೆಯಿತು, ಲಾರಿಗಳ ನಂಬರು ಬರೆಯಿತು.

ಮನೆಯಲ್ಲಿ ನೂರು ಸಲ ಹೇಳಿದ ಕಥೆ ರಸ್ತೆ ಪರದೆಯದು. ಅದರಲ್ಲಿ ಅರ್ಧ ತೆರೆದ ಬಾಗಿಲೊಂದಿತ್ತಂತೆ. ಒಳಗಿನ ದೀಪದ ಬೆಳಕು ಹೊಸ್ತಿಲು ದಾಟಿ ಬೀದಿಗೆ ಬಿದ್ದಿತ್ತಂತೆ. ಹೊಸದಾಗಿ ಸೇರಿದ ನಟನೊಬ್ಬ ಅದು ನಿಜವಾದ ಬಾಗಿಲೆಂದು ತಿಳಿದು ಒಳಗೆ ಹೋಗಲು ಹೋಗಿ ಬಟ್ಟೆಗೆ ಸಿಕ್ಕಿ, ಇಡೀ ಬೀದಿಯೇ ಭೂಕಂಪವಾದಂತೆ ಅಲುಗಾಡಿತಂತೆ. ಪ್ರೇಮಕುಮಾರ ಇದನ್ನು ಅರ್ಧ ನಂಬಿದ್ದ. ಉಳಿದರ್ಧ ಅಜ್ಜಿಯ ಉಪ್ಪುಖಾರ ಎಂದುಕೊಂಡಿದ್ದ.

ಶನಿವಾರ ಬೆಳಗಿನ ಜಿಟಿಜಿಟಿ ಮಳೆಯಲ್ಲಿ ರಿಕ್ಷಾ ಮಾಡಿಕೊಂಡು ಇಬ್ಬರೂ ಹೊರಟರು. ಅಜ್ಜಿ ಇಳಕಲ್ಲ ಸೀರೆ ಉಟ್ಟಿದ್ದಳು. ಶನಿವಾರ ಪೇಠದ ಗಲ್ಲಿಯಲ್ಲಿ ರಿಕ್ಷಾ ತಿರುಗಿದಾಗ "ಎಡಕ್ಕ, ಎಡಕ್ಕ" ಎಂದು ತಾನೇ ದಾರಿ ಹೇಳಿದಳು. ಅರವತ್ತು ವರ್ಷದಿಂದ ಅವಳು ಈ ಕಡೆ ಕಾಲಿಟ್ಟಿರಲಿಲ್ಲ.

ವಾಡೆ ಅರ್ಧ ಖಾಲಿಯಾಗಿತ್ತು. ಮುಂದಿನ ತಿಂಗಳು ಅದನ್ನು ಕೆಡವಿ ಹೊಸ ಕಟ್ಟಡ ಏಳಿಸುವವರಿದ್ದರು. ಕಂಪನಿಯ ಮಾಲೀಕರ ಮೊಮ್ಮಗ ಮಧುಕರ, ಅರವತ್ತರ ಗಂಭೀರ ಮನುಷ್ಯ, ಅಂಗಳದ ಪಕ್ಕದ ಉದ್ದನೆಯ ಪಡಸಾಲೆಯಲ್ಲಿ ನಿಂತಿದ್ದರು. ನೆಲದ ಮೇಲೆ ಬಿದಿರ ಗಳಕ್ಕೆ ಸುತ್ತಿದ ಪರದೆ, ಮನುಷ್ಯನ ಸೊಂಟದಷ್ಟು ದಪ್ಪ, ಎರಡಾಳು ಉದ್ದಕ್ಕಿಂತ ಹೆಚ್ಚು, ಹಪ್ಪಳದಂತೆ ಬಿರುಸಾಗಿ ಬಿದ್ದಿತ್ತು. ಕೆಲಸದವನೊಬ್ಬ ಗಿಡಗಳಿಗೆ ಔಷಧಿ ಹೊಡೆಯುವ ಪಂಪಿಗೆ ನೀರು ತುಂಬಿಸಿಕೊಂಡು ಅದರ ಮುಂದೆ ಬಗ್ಗಿದ್ದ.

ಯಮನವ್ವ ಮೊಮ್ಮಗನ ತೋಳು ಬಿಟ್ಟು ಮುಂದೆ ಹೋದಳು. ಮಂಡಿ ನೋವು ಎಲ್ಲಿ ಹೋಯಿತೋ. ಹೋದವಳೇ ಕೋಲಿನಿಂದ ಪಂಪಿನ ಮೂತಿಯನ್ನು ಅತ್ತ ತಳ್ಳಿದಳು.

"ನೀರು ಹೊಡದ್ರ ಮುಗೀತು. ಇದು ಎಣ್ಣಿ ಬಣ್ಣ ಅಲ್ಲ. ಹುಣಸಿ ಬೀಜದ ಸರಿ, ಅಂಟು ಇದ್ದಂಗ, ಅದರೊಳಗ ಕಲಸಿದ್ದು. ಒಂದು ಹನಿ ಬಿದ್ರ ರಂಗೋಲಿ ತೊಳದಂಗ ಹರದು ಹೋಗತದ."

ಸಿಟ್ಟಿನಲ್ಲಿ ಅವಳು ಕನ್ನಡದಲ್ಲೇ ಹೇಳಿದ್ದಳು. ಪ್ರೇಮಕುಮಾರ ಮರಾಠಿಗೆ ತಿರುಗಿಸಿದ. ಮಧುಕರ ಹುಬ್ಬೇರಿಸಿದರು.

"ಹೀಗೇ ಬಿಚ್ಚಿದರೆ ಬಟ್ಟೆ ಸೀಳುತ್ತದೆ. ಮೆತ್ತಗಾಗಲಿ ಅಂತ ಸ್ವಲ್ಪ ನೀರು, ಅಷ್ಟೆ. ಮತ್ತೆ, ನಮ್ಮ ಪರದೆಗಳಲ್ಲಿ ಹೆಚ್ಚಿನವು ಮುಂಬೈಯಿಂದ ತರಿಸಿದವು ಅಂತ ನಮ್ಮ ತಾತ ಹೇಳುತ್ತಿದ್ದರು. ಇವರಿಗೆ ಹೇಗೆ ಗೊತ್ತು?"

ಮೂಲೆಯಲ್ಲಿ ಟಿಪ್ಪಣಿ ಬರೆಯುತ್ತಿದ್ದ ಮೂವತ್ತರ ಹುಡುಗಿ ಎದ್ದು ಬಂದಳು. ಅವಳೇ ಹರ್ಷದಾ. ಬಗ್ಗಿ ಅಜ್ಜಿಯ ಕಾಲು ಮುಟ್ಟಿ, "ಆಜಿ, ಹಾಗಾದರೆ ಹೇಗೆ ಬಿಚ್ಚಬೇಕು? ನಿಮ್ಮ ತಂದೆ ಹೇಗೆ ಬಿಚ್ಚುತ್ತಿದ್ದರು?" ಎಂದು ಕೇಳಿದಳು.

ಯಮನವ್ವ ಈ ಸಲ ಮರಾಠಿಯಲ್ಲೇ ಹೇಳಿದಳು, ನಡುನಡುವೆ ಕನ್ನಡ ಬೆರೆಸಿ. ಗೋಣಿ ತಟ್ಟುಗಳನ್ನು ತೋಯಿಸಿ ಹಿಂಡಿ ನೆಲಕ್ಕೆ ಹಾಸಬೇಕು. ಪರದೆಯನ್ನು ಮುಟ್ಟಿಸದೆ ಎರಡು ಏಣಿಗಳ ನಡುವೆ ಮೇಲೆ ತೂಗಬೇಕು. ಬಾಗಿಲು ಕಿಟಕಿ ಮುಚ್ಚಬೇಕು. ತಟ್ಟಿನ ತಂಪು ಏರಿ ಏರಿ ಬಟ್ಟೆ ತಾನಾಗಿ ಮೈ ಸಡಿಲಿಸುತ್ತದೆ. ಬೇಸಿಗೆಯಲ್ಲಿ ಸಾಂಗಲಿಯಿಂದ ಸೊಲ್ಲಾಪುರಕ್ಕೆ ಕಂಪನಿ ಹೋದಾಗ ಪ್ರತಿಸಲ ಹೀಗೇ ಮಾಡುತ್ತಿದ್ದರು.

ಹರ್ಷದಾ ಮಧುಕರರ ಮುಖ ನೋಡಿದಳು. ಅವರು ಗಡಿಯಾರ ನೋಡಿ, "ಹತ್ತೂವರೆಯವರೆಗೆ ನೋಡೋಣ" ಎಂದರು.

ಗೋಣಿ ತಟ್ಟು ಹುಡುಕಿ ತಂದದ್ದು ಪ್ರೇಮಕುಮಾರ, ಎರಡು ಗಲ್ಲಿ ಆಚೆಯ ಕಾಳಿನ ಅಂಗಡಿಯಿಂದ. ಹಾಸಿದ್ದಾಯಿತು, ತೂಗಿದ್ದಾಯಿತು. ಕದ ಮುಚ್ಚಿಕೊಂಡು ಎಲ್ಲರೂ ಹೊರಗೆ ಕೂತರು. ಹರ್ಷದಾ ಕೇಳುತ್ತ ಹೋದಳು, ಅಜ್ಜಿ ಹೇಳುತ್ತ ಹೋದಳು. ಪ್ರೇಮಕುಮಾರನಿಗೆ ಮಾತ್ರ ಕೂರಲಾಗಲಿಲ್ಲ. ಇದು ರಸ್ತೆ ಪರದೆಯೋ ಅಲ್ಲವೋ, ಅಜ್ಜಿಯ ಉಪಾಯ ಹುಸಿಯಾದರೆ ಏನು ಗತಿ ಎಂದು ಅಂಗಳದಲ್ಲಿ ಹತ್ತು ಸುತ್ತು ಹಾಕಿದ.

ಎರಡು ಗಂಟೆ ಕಳೆದ ಮೇಲೆ ಯಮನವ್ವ ಒಳಗೆ ಹೋಗಿ ಬಟ್ಟೆಯ ಅಂಚನ್ನು ಕಿವಿಯ ಹತ್ತಿರ ಹಿಡಿದು ಬೆರಳಲ್ಲಿ ತಟ್ಟಿದಳು. "ಈಗ ಸಪ್ಪಳ ಇಲ್ಲ. ಎಳೀರಿ, ಸಾವಕಾಶ."

ಪರದೆಯ ಮೇಲಂಚನ್ನು ತೊಲೆಗೆ ಕಟ್ಟಿ, ಇಬ್ಬರು ಆ ಕಡೆ, ಪ್ರೇಮಕುಮಾರ ಮತ್ತು ಹರ್ಷದಾ ಈ ಕಡೆ, ಬೆರಳಷ್ಟು ಬೆರಳಷ್ಟೇ ಬಿಡಿಸಿದರು. ಮೊದಲು ಆಕಾಶ ಬಂತು, ಸಂಜೆಯದು. ಆಮೇಲೆ ಹೆಂಚಿನ ಮಾಡು. ಮಾಡಿನ ಕೆಳಗೆ ಮರದ ಜಂತಿ, ಜಂತಿಗೆ ಕಟ್ಟಿದ ಗಿಳಿಯ ಪಂಜರ. ಎಲ್ಲಿಯೂ ಬಟ್ಟೆ ಸೀಳಲಿಲ್ಲ. ಬಣ್ಣ ಒಂದು ಚೂರೂ ಉದುರಲಿಲ್ಲ. ಇನ್ನೊಂದು ಮೊಳ ಇಳಿಯಿತು, ಬೀದಿಯ ಬಲಕ್ಕೆ ಅರ್ಧ ತೆರೆದ ಬಾಗಿಲು ಕಾಣಿಸಿತು.

ಪ್ರೇಮಕುಮಾರನ ಕೈ ಅಲ್ಲೇ ನಿಂತಿತು. ಅವನು ದಿನಾ ನೂರು ಕಾರುಗಳಿಗೆ ಬಣ್ಣ ಹೊಡೆಸುವವನು, ಬಣ್ಣ ಅವನಿಗೆ ಹೊಸದಲ್ಲ. ಆದರೆ ಆ ಬಾಗಿಲಿನಿಂದ ಬೆಳಕು ನಿಜವಾಗಿಯೂ ಹೊರಗೆ ಬಿದ್ದಿತ್ತು. ಹೊಸ್ತಿಲ ಮೇಲೆ ಹಳದಿ, ಮೆಟ್ಟಿಲಿಗೆ ಬರುವಾಗ ಕೇಸರಿ, ಬೀದಿಯ ಕಲ್ಲಿನ ಮೇಲೆ ಬೂದಿಯಲ್ಲಿ ಕರಗಿ ಹೋಗಿತ್ತು. ಮೋಡ ಕವಿದ ಪಡಸಾಲೆಯಲ್ಲಿ ಅಷ್ಟು ಜಾಗ ಬೆಚ್ಚಗಿದ್ದಂತೆ ಕಂಡಿತು. ಆ ನಟ ಮೋಸಹೋದದ್ದರಲ್ಲಿ ತಪ್ಪೇ ಇರಲಿಲ್ಲ.

ಮಧುಕರ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಚೆನ್ನಾಗಿದೆ. ಬಹಳ ಚೆನ್ನಾಗಿದೆ. ಆದರೆ ಇದು ನಿಮ್ಮವರದೇ ಅನ್ನುವುದಕ್ಕೆ..."

"ಹಿಂದ ನೋಡ್ರಿ" ಎಂದಳು ಯಮನವ್ವ. "ತಳದ ಗಳದ ಹತ್ರ. ಊರೂರು ತಿರುಗುವಾಗ ಮಂದಿ ಪರದಾ ತಲೆಕೆಳಗ ಕಟ್ಟತಿದ್ರು. ಅದಕ್ಕ ನಮ್ಮಪ್ಪ ಹಿಂದ ಗುರ್ತು ಬರೀತಿದ್ದ."

ಪ್ರೇಮಕುಮಾರ ಪರದೆಯ ಹಿಂದೆ ನುಗ್ಗಿ ಫೋನಿನ ಟಾರ್ಚ್ ಹಾಕಿದ. ಕೆಳಗಿನ ಅಂಚಿನಲ್ಲಿ ಕಪ್ಪು ಅಕ್ಷರಗಳಿದ್ದವು, ಆರೇಳು ಸಾಲು, ಅಲ್ಲಲ್ಲಿ ಮಾಸಿದ್ದವು. ಕನ್ನಡ ಎಂದು ಗೊತ್ತಾಯಿತು. ಅಷ್ಟೇ ಗೊತ್ತಾಯಿತು. ಅವನು ಕಲಿತದ್ದು ಪಿಂಪ್ರಿಯ ಮರಾಠಿ ಶಾಲೆಯಲ್ಲಿ. ಅಜ್ಜಿ ಶಾಲೆಯ ಮೆಟ್ಟಿಲೇ ಹತ್ತಿದವಳಲ್ಲ. ಹರ್ಷದಾಳಿಗೂ ಕನ್ನಡ ಓದಲು ಬರುತ್ತಿರಲಿಲ್ಲ. ಹನ್ನೆರಡೂ ಕಾಲು ಆಗಿತ್ತು.

ಥಟ್ಟನೆ ಹೆಂಡತಿಯ ನೆನಪಾಯಿತು. ಆರತಿ ಇಳಕಲ್ಲಿನವಳು, ಹತ್ತನೆಯವರೆಗೆ ಕನ್ನಡದಲ್ಲೇ ಓದಿದವಳು. ವಿಡಿಯೋ ಕರೆ ಹಚ್ಚಿದ. ಅವಳು ರೊಟ್ಟಿ ಬಡಿಯುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಫೋನು ಎತ್ತಿದಳು.

"ಆರತಿ, ಇದನ್ನ ಓದು. ಜೋರಾಗಿ ಓದು."

"ಕೈ ಅಲುಗಾಡಿಸಬ್ಯಾಡ್ರಿ, ಅಕ್ಷರ ಕುಣೀತಾವು" ಎಂದು ಆರತಿ ಕಣ್ಣು ಕಿರಿದಾಗಿಸಿದಳು. ಆಮೇಲೆ ಮಕ್ಕಳು ಪಾಠ ಒಪ್ಪಿಸುವಂತೆ ತಡೆತಡೆದು ಓದಿದಳು. "ರಸ್ತೆ ಪರದೆ. ಈ ಕಡೆ ತಳ. ಹುಣಸಿ ಬೀಜದ ಸರಿ ಅದ, ನೀರು ತಾಗಸಬ್ಯಾಡ್ರಿ. ಬರದಾಂವ ಗುರಣ್ಣ, ಗಜೇಂದ್ರಗಡ."

ಪ್ರೇಮಕುಮಾರ ಅಷ್ಟನ್ನು ಮರಾಠಿಯಲ್ಲಿ ಹೇಳುತ್ತಿದ್ದಂತೆ ಹರ್ಷದಾಳ ಎರಡೂ ಕೈ ಬಾಯಿಗೆ ಹೋದವು. ಮಧುಕರ ತಲೆದೂಗಿದರು.

"ತಡೀರಿ, ಇನ್ನೂ ಅದ" ಎಂದಳು ಆರತಿ. "ಇದು ಸಣ್ಣ ಅಕ್ಷರ. ‘ನನಗ ಜ್ವರ ಬಂದು ಮಲಗಿದ್ದೆ. ಬಾಗಲದ ಬೆಳಕು ಬರದಾಕಿ ನನ್ನ ಮಗಳು ಯಮನವ್ವ, ವಯಸ್ಸು ಹನ್ನೊಂದು. ನನ್ನ ಕೈಲೆ ಇಷ್ಟು ಛಲೋ ಆಗತಿದ್ದಿಲ್ಲ.’"

ಪ್ರೇಮಕುಮಾರ ಅದನ್ನೂ ಮರಾಠಿಯಲ್ಲಿ ಹೇಳಿದ. ಪರದೆಯ ಹಿಂದಿನಿಂದ ಈಚೆಗೆ ಬಂದ. ಅಜ್ಜಿ ಕುರ್ಚಿಯಲ್ಲಿ ಕೂತು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು, ಕದ್ದು ಬೆಲ್ಲ ತಿಂದು ಸಿಕ್ಕಿಬಿದ್ದ ಹುಡುಗಿಯ ಹಾಗೆ.

"ಖರೇನಾ ಅಜ್ಜಿ?"

"ನಾಟಕಕ್ಕ ಎರಡು ದಿನ ಉಳದಿತ್ತು" ಎಂದಳು ಯಮನವ್ವ ನಿಧಾನವಾಗಿ. "ಅಪ್ಪಗ ಮೈ ಸುಡತಿತ್ತು, ಏಳಾಕ ಆಗವಲ್ದು. ಬಾಗಲ ಕರ್ರಗ ಹಂಗ ಉಳದಿತ್ತು. ಅಂವ ಹಾಸಿಗ್ಯಾಗಿಂದ ಹೇಳತಿದ್ದ, ನಾ ಹಚ್ಚತಿದ್ದೆ. ಕಡೀಕ ಅಂವಗ ನಿದ್ದಿ ಹತ್ತಿತು. ಹೊಸ್ತಲದ ಮ್ಯಾಲೆ ಬೆಳಕು ಹೆಂಗ ಬೀಳತದ ಅಂತ ನಾನೇ ಎದ್ದು ಹೋಗಿ ನಮ್ಮ ಬಾಗಲ ನೋಡಿ ಬಂದೆ. ನೋಡಿದಂಗ ಹಚ್ಚಿದೆ."

"ಮತ್ತ ಇಷ್ಟು ವರ್ಷ ಯಾಕ ಹೇಳಲಿಲ್ಲ?"

"ಪೂಜಿ ಮಾಡಿದ ಪರದಾ ಅದು. ಹುಡುಗಿ ಅದರ ಮ್ಯಾಲೆ ಕಾಲಿಟ್ಟು ಕುಂತಿದ್ಲು ಅಂದ್ರ ಮಾಲಕರು ಸುಮ್ಮನಿರತಿದ್ರೇನು? ಯಾರ ಮುಂದೂ ಹೇಳಬ್ಯಾಡ ಅಂತ ಅಪ್ಪ ಆಣಿ ಹಾಕಿದ್ದ." ಅವಳು ಪರದೆಯ ಕಡೆ ನೋಡಿದಳು. "ತಾನ ಹಿಂದ ಬರದಿಟ್ಟಾನ ನೋಡು. ನನಗ ಒಂದು ಮಾತು ಹೇಳಲಿಲ್ಲ. ಛಲೋ ಆಗೇದ ಅಂತನೂ ಅನಲಿಲ್ಲ."

ಅಷ್ಟು ಹೇಳುವಾಗ ಅವಳ ಕಣ್ಣು ತುಂಬಿ ಬಂತು, ಬಾಯಿ ಮಾತ್ರ ನಗುತ್ತಿತ್ತು. ಆ ಬಾಗಿಲು ಬರೆದ ಮರುವರ್ಷವೇ ಅವಳ ಮದುವೆಯಾಯಿತು. ಆಮೇಲೆ ಪಿಂಪ್ರಿಯಲ್ಲಿ ಕಾರ್ಖಾನೆಗಳು ಎದ್ದಾಗ ಇಪ್ಪತ್ತು ವರ್ಷ ತಲೆಯ ಮೇಲೆ ಗಾರೆ ಹೊತ್ತಳು. ಕುಂಚ ಮತ್ತೆ ಮುಟ್ಟಲೇ ಇಲ್ಲ. ಪ್ರೇಮಕುಮಾರನಿಗೆ ಗೊತ್ತಿದ್ದ ಅಜ್ಜಿ ಇವಳು. ಈಗ ಕುರ್ಚಿಯಲ್ಲಿ ಕೂತಿದ್ದವಳನ್ನು ಅವನು ಮೊದಲ ಸಲ ನೋಡುತ್ತಿದ್ದ.

ಪ್ರೇಮಕುಮಾರ ಅವಳ ಮಾತನ್ನೆಲ್ಲ ಮರಾಠಿಗೆ ತಿರುಗಿಸಿದ ಮೇಲೆ ಮಧುಕರ ಅಜ್ಜಿಯ ಮುಂದೆ ಬಂದು ಕೈಮುಗಿದರು. "ನಮ್ಮ ತಾತ ಇದ್ದಿದ್ದರೆ ಬೈಯುತ್ತಿದ್ದರೇನೋ. ಅವರ ಪರವಾಗಿ ಇವತ್ತು ನಾನು ಹೇಳುತ್ತೇನೆ, ತುಂಬ ಚೆನ್ನಾಗಿ ಬರೆದಿದ್ದೀರಿ."

ಒಂದು ಗಂಟೆಗೆ ಸರಿಯಾಗಿ ವಸ್ತುಸಂಗ್ರಹಾಲಯದ ವ್ಯಾನು ಬಂತು. ಅದರ ಅಧಿಕಾರಿ ಮಿಥುನ ಎಂಬ ತರುಣ. ಅವನು ಹಿಂದಿನ ಬರಹದ ಫೋಟೋ ತೆಗೆದ, ಆರತಿಯಿಂದ ಇನ್ನೊಮ್ಮೆ ಓದಿಸಿ ರೆಕಾರ್ಡ್ ಮಾಡಿಕೊಂಡ, ಬಾಗಿಲಿನ ಮುಂದೆ ಬಹಳ ಹೊತ್ತು ನಿಂತ. ಆಮೇಲೆ ತನ್ನ ಕಾಗದದಲ್ಲಿ ‘ಗೊತ್ತಿಲ್ಲ’ ಎಂಬುದನ್ನು ಹೊಡೆದು ಎರಡು ಹೆಸರು ಬರೆದ. ಹರ್ಷದಾ ಅದನ್ನು ಗಟ್ಟಿಯಾಗಿ ಓದಿ ಹೇಳಿದಳು: ಗುರಣ್ಣ, ಯಮನವ್ವ.

"ಸುತ್ತುವಾಗ ಬಣ್ಣ ಹೊರಗ ಬರಬೇಕು, ಒಳಗ ಅಲ್ಲ" ಎಂದು ಅಜ್ಜಿ ಆಗಲೇ ಎದ್ದು ನಿಂತಿದ್ದಳು. ಅವಳು ಹೇಳಿದಂತೆ ಸುತ್ತಿದರು, ಹೇಳಿದಂತೆ ಎತ್ತಿದರು. ವ್ಯಾನಿನಲ್ಲಿ ಪರದೆ ಮಲಗಿದ ಮೇಲೆ ಅವಳು ಮುಂದಿನ ಬಾಗಿಲು ತೆಗೆಸಿ, ಡ್ರೈವರನ ಪಕ್ಕದ ಸೀಟಿಗೆ ಹತ್ತಲು ಒಂದು ಕಾಲಿಟ್ಟಳು.

"ಎಲ್ಲಿಗೆ ಅಜ್ಜಿ?"

"ಮುಂಬೈಗೆ. ಅಲ್ಲಿ ಇಳಿಸವ್ರು ಯಾರು? ಇವರು ಮತ್ತ ಪಂಪು ತಂದ್ರ?"

ಮಿಥುನ ನಕ್ಕು ಪ್ರೇಮಕುಮಾರನಿಗೆ, ಹಿಂದೆ ಇನ್ನೂ ಸೀಟುಗಳಿವೆ, ನೀವೂ ಬನ್ನಿ ಎಂದ. ಹರ್ಷದಾ ಆಗಲೇ ತನ್ನ ಚೀಲ ಹಿಡಿದು ನಿಂತಿದ್ದಳು, ಅವಳಿಗೆ ಕೇಳುವುದು ಇನ್ನೂ ಅರ್ಧ ಉಳಿದಿತ್ತು. ಪ್ರೇಮಕುಮಾರ ಹಿಂದಿನ ಸೀಟಿಗೆ ಹತ್ತಿ, ಮೂರು ಗಂಟೆಯ ಪಾಳಿಗೆ ರಜೆ ಕೇಳಲು ಸೂಪರ್‌ವೈಸರನಿಗೆ ಫೋನು ಹಚ್ಚಿದ. ಕಾರಣ ಏನೆಂದು ಅವರು ಕೇಳಿದಾಗ ಜ್ವರ ಎನ್ನಬೇಕೆಂದಿದ್ದ. ಬಾಯಿಗೆ ಬಂದದ್ದೇ ಬೇರೆ.

"ಸರ್, ನಮ್ಮ ಅಜ್ಜಿ ಒಬ್ಬ ಪೇಂಟರ್. ಅವಳ ಚಿತ್ರ ಮುಂಬೈಗೆ ಹೊರಟಿದೆ, ಜೊತೆಗೆ ಹೋಗುತ್ತಿದ್ದೇನೆ."

ಆ ಕಡೆಯಿಂದ ಉತ್ತರ ಬರುವಷ್ಟರಲ್ಲಿ ವ್ಯಾನು ಗಲ್ಲಿಯ ತಿರುವಿನಲ್ಲಿತ್ತು. ಮುಂದಿನ ಸೀಟಿನಲ್ಲಿ ಯಮನವ್ವ ಡ್ರೈವರನಿಗೆ, ಗುಂಡಿ ಬಂದಲ್ಲಿ ಮೆತ್ತಗೆ ಹೋಗು ತಮ್ಮಾ ಎಂದು ಹೇಳುತ್ತಿದ್ದಳು.