ಉರ್ಕಿಯೋಲಾದಲ್ಲಿ ಎರಡೂವರೆ ಸುತ್ತು

ಪರ್ತ್ ನಗರದ ವೆಲ್ಷ್‌ಪೂಲಿನ ಗೋದಾಮಿನಲ್ಲಿ ನಾಗವೇಣಿಯ ದನಿಗೆ ಹೆದರದ ಲಾರಿ ಡ್ರೈವರ್ ಇನ್ನೂ ಹುಟ್ಟಿಲ್ಲ. ಆರಡಿ ಎತ್ತರದ, ತೋಳು ತುಂಬ ಹಚ್ಚೆ ಹಾಕಿಸಿಕೊಂಡ ಗಂಡಸರು ಕೂಡ, ಅವಳು ಹಳದಿ ಜಾಕೆಟ್ ತೊಟ್ಟು ಬಾಗಿಲಲ್ಲಿ ಕಾಣಿಸಿಕೊಂಡರೆ ಸಾಕು, ಸಿಗರೇಟು ಆರಿಸಿ ಗಾಡಿಯನ್ನು ಗೆರೆಗೆ ಸರಿಯಾಗಿ ನಿಲ್ಲಿಸುತ್ತಿದ್ದರು. ಐವತ್ಮೂರು ವಯಸ್ಸಿನ ಮೈಸೂರಿನ ಹೆಣ್ಣು. ಗಂಡ ತೀರಿಕೊಂಡ ಮೇಲೆ ಥಾರ್ನ್ಲಿಯ ಮನೆ, ಮಗಳ ಓದು, ಕಾರಿನ ರಿಪೇರಿ, ಹಿತ್ತಲಿನ ಹುಲ್ಲು ಎಲ್ಲವನ್ನೂ ಒಬ್ಬಳೇ ನಿಭಾಯಿಸಿದವಳು. ಅಂಥವಳಿಗೆ ಒಂದೇ ಒಂದು ಮಾತನ್ನು ಮಗಳಿಗೆ ಹೇಳಲು ಬಾಯಿ ಬರುತ್ತಿರಲಿಲ್ಲ ಅಂದರೆ ನೀವು ನಂಬಲೇಬೇಕು.

ಆ ಮಾತು ಇಷ್ಟೇ: ತಾನು ಮತ್ತೆ ಮದುವೆಯಾಗುತ್ತಿದ್ದೇನೆ.

ಹುಡುಗ ಅಡಿಲೇಡಿನ ಕಿಲ್ಬರ್ನಿನ ಉಮಾಕಾಂತ. ಹುಡುಗ ಅಂತಲೇ ಅನ್ನೋಣ, ಐವತ್ತೇಳಾದರೇನಂತೆ! ಬೆಂಗಳೂರಿನ ಕಡೆಯವನು, ಯಂತ್ರಗಳ ಎಂಜಿನಿಯರ್, ಹೆಂಡತಿಯನ್ನು ಕಳೆದುಕೊಂಡವನು, ಮಾತು ಕಮ್ಮಿ. ಎರಡು ವರ್ಷದ ಹಿಂದೆ ಅಡಿಲೇಡಿನ ಕನ್ನಡ ಸಂಘದ ಯುಗಾದಿ ಊಟದಲ್ಲಿ ಅವನು ಸಾಲಿನ ನಡುವೆ ನುಸುಳಿದಾಗ, ಪರ್ತಿನಿಂದ ಅತಿಥಿಯಾಗಿ ಹೋಗಿದ್ದ ನಾಗವೇಣಿ, "ಏನ್ರೀ, ನಾವೆಲ್ಲ ಇಲ್ಲಿ ಬೊಂಬೆ ಥರ ನಿಂತಿದ್ದೀವಾ?" ಎಂದು ಗದರಿದ್ದಳು. ಅವನು ನಕ್ಕು, ತಟ್ಟೆ ಹಿಡಿದುಕೊಂಡು ಸಾಲಿನ ಕೊನೆಗೆ ಹೋಗಿ ನಿಂತ. ಬೈಸಿಕೊಂಡೂ ನಗುವ ಗಂಡಸು ಅವಳಿಗೆ ಹಿಡಿಸಿಬಿಟ್ಟ. ಆಮೇಲೆ ಫೋನು, ಫೋನಿನ ಮೇಲೆ ಫೋನು. ಈ ಮಾರ್ಚ್‌ನಲ್ಲಿ ಅವನು, ಕಾಫಿ ಕುಡಿಯೋಣ್ವಾ ಅನ್ನುವ ದನಿಯಲ್ಲೇ, "ಮದ್ವೆ ಆಗೋಣ್ವಾ?" ಅಂದ. ಅವಳು ನಿಂತ ಕಾಲಲ್ಲೇ ಒಪ್ಪಿದಳು. ಆದರೆ ಒಂದು ಷರತ್ತು ಹಾಕಿದಳು.

"ಹಂಸಾಗೆ ನಾನೇ ಹೇಳ್ಬೇಕು. ಫೋನಲ್ಲಲ್ಲ, ಎದುರಿಗೆ. ಅಲ್ಲೀವರ್ಗೂ ನೀವು ತುಟಿ ಪಿಟಕ್ ಅನ್ಬಾರ್ದು."

ಹಂಸಾ ಅವಳ ಒಬ್ಬಳೇ ಮಗಳು, ಇಪ್ಪತ್ತಾರು ವರ್ಷ, ಬ್ರಿಸ್ಬೇನಿನಲ್ಲಿ ಫಿಸಿಯೋಥೆರಪಿಸ್ಟ್. ಅಮ್ಮ ಕನ್ನಡದಲ್ಲಿ ಕೇಳಿದರೆ ಅರ್ಧ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು. ಅಪ್ಪ ಅಂದರೆ ಪ್ರಾಣ ಬಿಡುತ್ತಿದ್ದಳು. ಆ ಜಾಗಕ್ಕೆ ಅಮ್ಮ ಬೇರೆ ಯಾರನ್ನೋ ತಂದು ಕೂರಿಸುತ್ತಿದ್ದಾಳೆ ಅಂದುಕೊಂಡರೆ?

ಅಷ್ಟರಲ್ಲಿ ಪರ್ತಿನ ನಟರಾಜ್ ಪ್ರವಾಸ ಹೊರಡಿಸಿದರು. ನಟರಾಜ್ ಅಂದರೆ ಯಾರೂ ಆರಿಸದೆ ತಾವೇ ನಾಯಕರಾದವರು. "ಪ್ಯಾರಿಸ್, ಸ್ವಿಟ್ಜರ್ಲೆಂಡ್ ಎಲ್ರೂ ನೋಡಿರೋದೇ ಕಣ್ರೀ. ಸ್ಪೇನ್‌ನ ಉತ್ತರಕ್ಕೆ ಬಾಸ್ಕ್ ಸೀಮೆ ಅಂತಿದೆ. ಬರೀ ಬೆಟ್ಟ, ಹಸಿರು. ಅವರ ಭಾಷೆಗೆ ಜಗತ್ತಿನ ಇನ್ಯಾವ ಭಾಷೆ ಜೊತೆಗೂ ನೆಂಟಸ್ತನ ಇಲ್ವಂತೆ. ಅಲ್ಲಿಗೆ ಹೋಗೋಣ!" ಪರ್ತ್, ಬ್ರಿಸ್ಬೇನ್, ಅಡಿಲೇಡುಗಳಿಂದ ಹನ್ನೆರಡು ಮಂದಿ ಕನ್ನಡಿಗರು ಸೇರಿದರು. ನಾಗವೇಣಿ ಮಗಳನ್ನು ರಜೆ ಹಾಕಿಸಿ ಹೊರಡಿಸಿದಳು. ಉಮಾಕಾಂತನೂ ಹೆಸರು ಕೊಟ್ಟ. ಒಂದು ವಾರ ಒಂದೇ ವ್ಯಾನಿನಲ್ಲಿ ತಿರುಗಾಡುವಾಗ ಮಾತಿಗೆ ಸಮಯ ಸಿಗದೆ ಎಲ್ಲಿ ಹೋಗುತ್ತದೆ?

ಸಮಯವೇನೋ ಬೇಕಾದಷ್ಟು ಸಿಕ್ಕಿತು. ನಾಲಿಗೆ ಮಾತ್ರ ಕೈಕೊಟ್ಟಿತು.

ಮೊದಲ ದಿನ ಅರಾನ್‌ಟ್ಸಾಸು ಎಂಬ ಬೆಟ್ಟದ ನೆತ್ತಿಯ ದೇವಾಲಯಕ್ಕೆ ಹೋದರು. ಗೋಪುರದ ಮೈತುಂಬ ಚೂಪು ಚೂಪು ಕಲ್ಲು, ಥೇಟ್ ಹಲಸಿನಕಾಯಿ ಸಿಪ್ಪೆ. ಕೆಳಗೆ ಎದೆ ನಡುಗಿಸುವ ಕಣಿವೆ. ಅಮ್ಮ ಮಗಳು ಇಬ್ಬರೇ ಕಟಾಂಜನಕ್ಕೆ ಒರಗಿ ನಿಂತಿದ್ದಾಗ ನಾಗವೇಣಿ ಗಂಟಲು ಸರಿಮಾಡಿಕೊಂಡಳು. "ಹಂಸಾ..."

"ಹ್ಞಾಂ, ಏನಮ್ಮಾ?"

"ಸ್ವೆಟರ್ ಹಾಕ್ಕೋ. ಗಾಳಿ ಇದೆ."

ಮರುದಿನ ಕುರಿಗಾಹಿಯೊಬ್ಬನ ಕಲ್ಲಿನ ಮನೆಯಲ್ಲಿ, ಹೊಗೆಯ ವಾಸನೆಯ ಚೀಸನ್ನು ಹಂಸಾ ಚಪ್ಪರಿಸುತ್ತಿದ್ದಾಗ ಇನ್ನೊಂದು ಪ್ರಯತ್ನವಾಯಿತು. ಅದು, "ಜಾಸ್ತಿ ತಿನ್ಬೇಡ, ಹೊಟ್ಟೆ ಕೆಡತ್ತೆ," ಎಂಬಲ್ಲಿಗೆ ಮುಗಿಯಿತು. ಮತ್ತೊಂದು ಊರಿನಲ್ಲಿ ಗಟ್ಟಿ ಮೈಯ ಗಂಡಸರು ದಪ್ಪ ಬಂಡೆಗಳನ್ನು ಪಂದ್ಯಕ್ಕೆ ಎತ್ತಿ ಹೆಗಲ ಮೇಲೆ ಹೊತ್ತು ತೋರಿಸಿದರು. ಅಷ್ಟು ಭಾರ ಎತ್ತುತ್ತಾರಲ್ಲ, ನನ್ನ ಕೈಲಿ ಒಂದು ಮಾತು ಎತ್ತಲಾಗುತ್ತಿಲ್ಲವಲ್ಲ ಎಂದು ನಾಗವೇಣಿಗೆ ತನ್ನ ಮೇಲೇ ರೇಗಿತು.

"ನಾನೇ ಹೇಳ್ಲಾ?" ಅಂದ ಉಮಾಕಾಂತ, ವ್ಯಾನು ಹತ್ತುವಾಗ, ಮೆಲ್ಲಗೆ.

"ಬೇಡ. ನನ್ನ ಮಗಳು, ನನ್ನ ಬಾಯಿ. ಸುಮ್ನೆ ಹೋಗಿ ನಿಮ್ಮ ಸೀಟಲ್ಲಿ ಕೂತ್ಕೊಳಿ."

ಅವನು ಹೋಗಿ ನಾಲ್ಕು ಸೀಟು ಹಿಂದೆ ಕೂತ.

ಕೊನೆಯ ದಿನ ಉರ್ಕಿಯೋಲಾ. ಬೀಚ್ ಎಂಬ ಜಾತಿಯ ಮರಗಳ ಕಾಡಿನೊಳಗೆ ಮಂಜು ಹೊಕ್ಕು ನಿಂತಿತ್ತು. ಎಲ್ಲೋ ಕುರಿಗಳ ಕೊರಳ ಗಂಟೆ. ಆಚೆ ಅನ್‌ಬೊಟೊ ಶಿಖರ, ಬೋಳು ಬೂದು ಬಂಡೆ. ಅದರ ಗುಹೆಯಲ್ಲಿ ಮಾರಿ ಎಂಬ ದೇವಿ ಇದ್ದಾಳೆ, ಚಿನ್ನದ ಬಾಚಣಿಗೆಯಲ್ಲಿ ತಲೆ ಬಾಚಿಕೊಳ್ಳುತ್ತಾಳೆ, ಶುಕ್ರವಾರ ಅವಳ ಗಂಡ ಬಂದು ಹೋಗುತ್ತಾನೆ ಎಂದು ಗೈಡ್ ಇಟ್ಸಿಯಾರ್ ಹೇಳಿದಳು. ಇಟ್ಸಿಯಾರ್ ಅಲ್ಲಿಯವಳೇ, ಅರವತ್ತರ ಹತ್ತಿರದ ಗಟ್ಟಿಗಿತ್ತಿ.

"ನೋಡಿದ್ರಾ, ಇಲ್ಲೂ ಅಮ್ಮನೋರಿಗೆ ಶುಕ್ರವಾರವೇ!" ಎಂದು ನಟರಾಜರ ಹೆಂಡತಿ ವನಜಾ ಕೆನ್ನೆ ಕೆನ್ನೆ ಬಡಿದುಕೊಂಡರು. ಎಲ್ಲರೂ ಬೆಟ್ಟಕ್ಕೆ ಕೈಮುಗಿದರು. ಭಕ್ತಿ ಆಗಲೇ ಮೈಮೇಲೆ ಬಂದಿತ್ತು ಅನ್ನಿ.

ಹೀಗಿರುವಾಗ ಅಲ್ಲಿನ ಇಗರ್ಜಿಗೆ ಹೋಗುವ ದಾರಿಯ ಪಕ್ಕದಲ್ಲಿ ಒಂದು ಕಲ್ಲು ಕಂಡಿತು. ನೆಲದಲ್ಲಿ ನೆಟ್ಟಗೆ ನಿಂತ ಕರಿಗಲ್ಲು, ಸುತ್ತಲೂ ಜನ ತುಳಿದು ತುಳಿದು ಸವೆದ ಹಾದಿ. ದೇವಸ್ಥಾನದ ಮುಂದೆ ಕಲ್ಲು, ಕಲ್ಲಿನ ಸುತ್ತ ಸವೆದ ನೆಲ. ನಮ್ಮವರಿಗೆ ಇನ್ನೇನು ಬೇಕು? ಇಟ್ಸಿಯಾರ್ ಹಿಂದೆ ಉಳಿದವರನ್ನು ಕರೆತರಲು ಹೋಗಿದ್ದಳು. ಅವಳು ಬರುವ ತನಕ ಕಾಯುವ ತಾಳ್ಮೆ ನಟರಾಜರಿಗೆಲ್ಲಿಂದ ಬರಬೇಕು!

"ಶೂ ಬಿಚ್ಚಿ, ಶೂ ಬಿಚ್ಚಿ! ಪ್ರದಕ್ಷಿಣೆ ಹಾಕ್ಬಿಡೋಣ. ಮೂರು ಸುತ್ತು. ಯಾವ ದೇವ್ರಾದ್ರೇನು, ದೇವ್ರು ದೇವ್ರೇ."

ಅವರು ಹೊರಟರು, ವನಜಾ ಹೊರಟರು, ಒಬ್ಬರ ಹಿಂದೆ ಒಬ್ಬರು ಎಲ್ಲರೂ ಹೊರಟರು. ನಾಗವೇಣಿ ಕಣ್ಣು ಅರ್ಧ ಮುಚ್ಚಿ, ಯಾರಾದರೂ ಆಗಲಿ ತಾಯಿ, ನನಗೊಂದು ಮಾತು ಕೊಡು ಎಂದು ಬೇಡಿಕೊಳ್ಳುತ್ತಾ ಸುತ್ತಿದಳು. ಅವಳ ಹಿಂದೆಯೇ ಉಮಾಕಾಂತ, ಹೆಬ್ಬೆರಳು ಇಣುಕುವ ತೂತು ಕಾಲುಚೀಲದಲ್ಲಿ. ಹಂಸಾ ಮಾತ್ರ ದೂರ ನಿಂತು ಫೋನಿನಲ್ಲಿ ವಿಡಿಯೋ ತೆಗೆಯುತ್ತಿದ್ದಳು. ಚಿಕ್ಕವಳಿದ್ದಾಗಿನಿಂದಲೂ ಅವಳಿಗೆ ಪ್ರದಕ್ಷಿಣೆ ಅಂದರೆ ಆಗದು; ಪರ್ತಿನ ದೇವಸ್ಥಾನದಲ್ಲಿ ನವಗ್ರಹ ಸುತ್ತುವಾಗ ಅರ್ಧಕ್ಕೇ ಓಡಿಹೋಗುತ್ತಿದ್ದಳು, ನಾಗವೇಣಿ ಎಳೆದು ತಂದು, "ಅರ್ಧಕ್ಕೆ ಬಿಡಬಾರ್ದು ಕಣೇ," ಎಂದು ಪೂರ್ತಿ ಮಾಡಿಸುತ್ತಿದ್ದಳು.

ಮೂರನೆಯ ಸುತ್ತು ಅರ್ಧವಾಗಿತ್ತು. ಆಗ ಇಟ್ಸಿಯಾರ್ ಓಡಿ ಬಂದಳು, ಎರಡೂ ಕೈ ಎತ್ತಿ ಕೂಗುತ್ತಾ, ನಗುತ್ತಾ. ನಾಗವೇಣಿ ಗಕ್ಕನೆ ನಿಂತಳು.

ಇಟ್ಸಿಯಾರ್ ಉಸಿರು ಸುಧಾರಿಸಿಕೊಂಡು ಇಂಗ್ಲಿಷಿನಲ್ಲಿ ವಿವರಿಸಿದಳು. ಇದು ಮದುವೆಯ ಕಲ್ಲು. ಸಂಗಾತಿ ಬೇಕೆನ್ನುವವರು ಬಂದು ಇದನ್ನು ಸುತ್ತುತ್ತಾರೆ. ತನ್ನ ಅಜ್ಜಿಯೂ ಸುತ್ತಿದ್ದಳು, ವರ್ಷದೊಳಗೆ ಅಜ್ಜ ಸಿಕ್ಕಿದ್ದ. ನಿಮ್ಮಲ್ಲಿ ಇಷ್ಟೊಂದು ಜನಕ್ಕೆ ಮದುವೆಯಾಗಬೇಕಿತ್ತೇ?

ನಟರಾಜ್ ಕಿವಿಯವರೆಗೆ ಬಾಯಿ ಬಿಟ್ಟು, "ಅಂದ್ರೆ ನನಗೆ ಇನ್ನೊಂದು ಗ್ಯಾರಂಟಿ!" ಅಂದರು.

"ಅಯ್ಯೋ ನಿಮ್ಮ!" ವನಜಾ ಅವರ ತೋಳು ಹಿಡಿದು ಜಗ್ಗಿದರು. "ಬನ್ನಿ, ಉಲ್ಟಾ ಸುತ್ತಿ. ಸುತ್ತಿದ್ದೆಲ್ಲ ಕ್ಯಾನ್ಸಲ್ ಆಗ್ಬೇಕು."

"ನೋ, ನೋ!" ಎಂದು ಇಟ್ಸಿಯಾರ್ ಅಡ್ಡ ಬಂದಳು. ಉಲ್ಟಾ ಸುತ್ತಬೇಡಿ, ಅದು ಇರುವ ಜೊತೆ ಬಿಟ್ಟುಹೋಗಲಿ ಅನ್ನುವವರಿಗೆ ಎಂದಳು.

ಎತ್ತಿದ ಕಾಲನ್ನು ವನಜಾ ಅಲ್ಲೇ ನಿಲ್ಲಿಸಿದರು. ಹಾಗೆ ಸುತ್ತಿದರೂ ಕಷ್ಟ, ಹೀಗೆ ಸುತ್ತಿದರೂ ಕಷ್ಟ! ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುವಿನ ಭರದಲ್ಲೇ ವನಜಾ ತಿರುಗಿ, "ನಾಗವೇಣಿ, ನಿಮಗೇನ್ರೀ ತೊಂದ್ರೆ? ಬಿಟ್ಟುಹೋಗೋರು ಯಾರೂ ಇಲ್ವಲ್ಲ. ನೀವು ಉಲ್ಟಾ ಸುತ್ತಿ ಕ್ಯಾನ್ಸಲ್ ಮಾಡ್ಕೊಂಡ್ಬಿಡಿ. ಈ ವಯಸ್ಸಲ್ಲಿ ಮತ್ತೆ ಗಂಡನ ಗೋಳು ಯಾಕೆ!" ಅಂದರು.

ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ನಕ್ಕು ಬಿಟ್ಟರೆ ಮುಗಿಯುತ್ತಿತ್ತು. ನಾಗವೇಣಿ ನಗಲೆಂದೇ ಬಾಯಿ ತೆರೆದಳು, ಆಗ ಉಮಾಕಾಂತ ಕಣ್ಣಿಗೆ ಬಿದ್ದ. ಅವನು ತಲೆ ತಗ್ಗಿಸಿ ತನ್ನ ತೂತು ಕಾಲುಚೀಲವನ್ನೇ ನೋಡುತ್ತಿದ್ದ. ಈಗ ನಾನು ನಕ್ಕರೆ ಈ ಮನುಷ್ಯನನ್ನು ಎಲ್ಲರೆದುರು ಬೇಡ ಅಂದಂತೆ ಎಂದು ಅವಳಿಗೆ ಅನ್ನಿಸಿತು. ಗೋದಾಮಿನ ದನಿ ತಾನಾಗಿಯೇ ಬಂತು.

"ಕ್ಯಾನ್ಸಲ್ ಏನೂ ಬೇಡ ವನಜಾ. ನನಗೆ ಬೇಕಿರೋದೇ ಅದು. ನಾನು ಉಮಾಕಾಂತ ಅವ್ರನ್ನ ಮದ್ವೆ ಆಗ್ತಿದ್ದೀನಿ."

ಹಂಸಾ ಫೋನನ್ನು ಕೆಳಗಿಳಿಸಿದಳು. ಅಮ್ಮನನ್ನು ಒಮ್ಮೆ, ಉಮಾಕಾಂತನನ್ನು ಒಮ್ಮೆ ನೋಡಿ, ಬೆನ್ನು ತಿರುಗಿಸಿ ಕಾಡಿನ ಹಾದಿ ಹಿಡಿದಳು. ನಾಗವೇಣಿ ಬರಿಗಾಲಲ್ಲೇ ಅವಳ ಹಿಂದೆ ಓಡಿದಳು.

ಮರಗಳು ಮುಗಿದು ಹುಲ್ಲುಗಾವಲು ಶುರುವಾಗುವಲ್ಲಿ ಹಂಸಾ ನಿಂತಿದ್ದಳು. ಕೆನ್ನೆ ಒದ್ದೆಯಾಗಿತ್ತು.

"ಯಾವಾಗಿಂದ?"

"ಮಾರ್ಚ್‌ನಲ್ಲಿ ಡಿಸೈಡ್ ಮಾಡಿದ್ವಿ."

"ಮಾರ್ಚ್! ಮೊದ್ಲು ಆ ಕಲ್ಲಿಗೆ ಹೇಳ್ದೆ. ಆಮೇಲೆ ವ್ಯಾನಲ್ಲಿರೋ ಎಲ್ರಿಗೂ ಹೇಳ್ದೆ. ಐ ವಾಸ್ ಲಾಸ್ಟ್, ಅಮ್ಮಾ."

ಈ ಮಾತು ನಾಗವೇಣಿಗೆ ನೇರ ಹೋಗಿ ನಾಟಿತು. ಸಮಜಾಯಿಷಿ ಹೇಳುವ ಜಾತಿಯವಳಲ್ಲ ಅವಳು. "ತಪ್ಪು ನಂದೇ. ಮೊದಲ ದಿನದಿಂದ ಹೇಳೋಕೆ ನೋಡ್ದೆ. ಹೆದ್ರಿಕೊಂಡ್ಬಿಟ್ಟೆ."

"ನೀನು? ಹೆದ್ರಿಕೊಂಡ್ಯಾ? ಯಾರಿಗೆ?"

"ನಿನಗೇ. ಈ ಪ್ರಪಂಚದಲ್ಲಿ ನಿನಗೊಬ್ಬಳಿಗೇ. ಅಪ್ಪನ್ನ ಮರೆತುಬಿಟ್ಳು ಅಂತ ನೀನು ಅಂದ್ಕೊಂಡ್ರೆ ನಾನು ಹೇಗೆ ಬದುಕಲಿ?"

ಹಂಸಾ ಮೂಗು ಒರೆಸಿಕೊಂಡಳು. "ದಿನಾ ಫೋನ್ ಮಾಡಿ ಊಟ ಆಯ್ತಾ, ಡೋರ್ ಲಾಕ್ ಮಾಡಿದ್ಯಾ ಅಂತ ಕೇಳ್ತೀನಲ್ಲ, ಯಾಕೆ ಅಂದ್ಕೊಂಡೆ? ನೀನು ಆ ಮನೇಲಿ ಒಬ್ಳೇ ಇರ್ತೀಯ ಅಂತ ನನಗೆ ನಿದ್ದೆ ಬರಲ್ಲ. ಅಪ್ಪನ್ನ ನಾನೂ ಮರೆಯಲ್ಲ, ನೀನೂ ಮರೆಯಲ್ಲ. ದಟ್ಸ್ ಸೆಪರೇಟ್. ನನಗೆ ಕೋಪ ಬಂದಿರೋದು ಅವ್ರ ಮೇಲಲ್ಲ. ನೀನು ನನಗೆ ಹೇಳ್ಲಿಲ್ಲ ಅಂತ."

"ಬೈಯಿ. ಇನ್ನೂ ಬೈಯಿ. ಸರಿಯಾಗೇ ಬೈತಿದ್ದೀಯ."

ಆ ಮಾತಿಗೆ ಹಂಸಾಗೆ ಅಳುವಿನ ನಡುವೆಯೇ ನಗು ಬಂದುಬಿಟ್ಟಿತು. ಆಗಲೇ ಅವಳು ಅಮ್ಮನ ಕಾಲು ನೋಡಿದ್ದು. ಕಣಕಾಲಿನ ತನಕ ಕೆಸರು.

"ಶೂಸ್ ಎಲ್ಲಿ?"

"ಕಲ್ಲಿನ ಹತ್ರ."

"ಎಷ್ಟು ಸುತ್ತು ಆಗಿತ್ತು?"

"ಎರಡೂವರೆ. ಅಷ್ಟ್ರಲ್ಲಿ ಇಟ್ಸಿಯಾರ್ ಕೂಗಿದ್ಲಲ್ಲ."

"ಅರ್ಧಕ್ಕೆ ಬಿಟ್ಬಿಟ್ಯಾ?" ಹಂಸಾ ಸೊಂಟದ ಮೇಲೆ ಕೈಯಿಟ್ಟು ನಿಂತಳು, ಥೇಟ್ ಅವರಮ್ಮನೇ. "ನಾನು ಬಿಟ್ರೆ ಕಿವಿ ಹಿಡಿದು ವಾಪಸ್ ಕರ್ಕೊಂಡು ಹೋಗ್ತಿದ್ದೆ. ನಡಿ ಈಗ."

ಅವಳು ಅಮ್ಮನ ಕೈ ಹಿಡಿದು ಎಳೆದುಕೊಂಡೇ ಬಂದಳು. ಕಲ್ಲಿನ ಹತ್ತಿರ ಯಾರೂ ಕದಲಿರಲಿಲ್ಲ. ನಟರಾಜರಂಥ ನಟರಾಜರೇ ಬಾಯಿ ಮುಚ್ಚಿಕೊಂಡು ನಿಂತಿದ್ದರು. ವನಜಾ ಕಣ್ಣು ಒದ್ದೆ ಮಾಡಿಕೊಂಡು, "ಸಾರಿ ನಾಗವೇಣಿ, ನನ್ನ ಬಾಯಿಗಿಷ್ಟು..." ಎನ್ನುತ್ತಿದ್ದರು. ಉಮಾಕಾಂತ ಇನ್ನೂ ಕಾಲುಚೀಲದಲ್ಲೇ, ಕಲ್ಲಿನ ಪಕ್ಕ, ಅದೇ ಜಾಗದಲ್ಲಿ ನಿಂತಿದ್ದ.

ಹಂಸಾ ನೇರ ಅವನೆದುರು ಹೋದಳು. "ಅಂಕಲ್, ನೀವು ಮೂರು ಸುತ್ತೂ ಮುಗಿಸಿಬಿಟ್ರಾ?"

"ಇಲ್ಲಮ್ಮ," ಅಂದ ಅವನು. "ನಿಮ್ಮಮ್ಮ ನಿಂತ್ರಲ್ಲ, ನಾನೂ ನಿಂತೆ. ಅವ್ರು ಬರ್ಲಿ ಅಂತ ಇಲ್ಲೇ ಇದೀನಿ."

ಹಂಸಾ ಬಗ್ಗಿ ಅಮ್ಮನ ಶೂ ಒಂದು ಕೈಯಲ್ಲಿ, ಅವನ ಶೂ ಇನ್ನೊಂದು ಕೈಯಲ್ಲಿ ಎತ್ತಿಕೊಂಡಳು.

"ಹಾಗಾದ್ರೆ ಮುಗಿಸಿ. ಇದನ್ನ ನಾನು ಹಿಡ್ಕೊಂಡಿರ್ತೀನಿ."

ನಾಗವೇಣಿ ಬಂದು ತಾನು ಬಿಟ್ಟಿದ್ದ ಜಾಗದಲ್ಲೇ ನಿಂತಳು. ಕಣ್ಣು ತುಂಬಿ ಮುಂದಿನ ಹಾದಿಯೇ ಕಾಣುತ್ತಿರಲಿಲ್ಲ. ಸೀರೆಯಿದ್ದಿದ್ದರೆ ಸೆರಗಿಗೆ ಒರೆಸಿಕೊಳ್ಳುತ್ತಿದ್ದಳು, ಜಾಕೆಟ್ಟಿನ ತೋಳಿಗೇ ಒರೆಸಿಕೊಂಡು ಕಾಲು ಎತ್ತಿದಳು.

"ಅಮ್ಮಾ!" ಎರಡು ಕೈಯಲ್ಲೂ ಶೂ ಹಿಡಿದಿದ್ದ ಹಂಸಾ ಬೆಟ್ಟಕ್ಕೆಲ್ಲ ಕೇಳುವಂತೆ ಕೂಗಿದಳು. "ಆ ಕಡೆ ಅಲ್ಲ, ಈ ಕಡೆ! ಉಲ್ಟಾ ಹೋಗ್ಬಿಟ್ಟೀಯ!"